ರಟ್ಟೆಯ ಬೆಲೆ

ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಸುತ್ತ ಎತ್ತ ನೋಡಿದರೂ ಮೆಕ್ಕೆಜೋಳ, ಸೋಯಾ. ದಾವಣಗೆರೆ ಸೀಮೆಯವನಾದ ನನಗೆ ಮೆಕ್ಕೆಜೋಳದ ಹೊಲ ಹೊಸದೇನಲ್ಲ. ಊರೊಳಗೆ ಕಮಿನ್ಸ್ ಡೀಸೆಲ್ ಎಂಜಿನ್ ಕಂಪನಿ ಇದೆ. ಬ್ಯಾಂಕಿನ ಯಜಮಾನರೊಬ್ಬರ ಕಾರು ಓಡಿಸುತ್ತಿದ್ದ ಕ್ಲೆಸಿ ಕಮಿನ್ಸ್ ಎಂಬಾತ ಅದೇ ಯಜಮಾನರ ದುಡ್ಡಿನಲ್ಲಿ 1919ರಲ್ಲಿ ಶುರು ಮಾಡಿದ್ದು. ಹೊಲವೂ ಡೀಸೆಲ್ಲೂ ಒಟ್ಟಿಗಿರುವ ಇಂಥ ಕಡೆ ಪಿಕಪ್ ಟ್ರಕ್ ಇಲ್ಲದ ಅಂಗಳ ಅಪರೂಪ. ನನ್ನದೂ ಒಂದಿದೆ: 1990ರ ದಶಕದ ಡಾಡ್ಜ್ ರ‍್ಯಾಮ್, 5.9 ಲೀಟರಿನ ಕಮಿನ್ಸ್ ಎಂಜಿನ್. ಕಟ್ಟಿಗೆ, ಗೊಬ್ಬರ, ಮನೆ ಬದಲಾಯಿಸುವ ಗೆಳೆಯರ ಸಾಮಾನು, ಎಲ್ಲ ಅದರಲ್ಲೇ.

ಅದರ ಪವರ್ ಸ್ಟೇರಿಂಗ್ ಪಂಪನ್ನು ಬಿಚ್ಚಿ ಸೀಲು ಹಾಕಿ ಕೂರಿಸುವವನು ನಾನೇ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರ ಮಗನಿಗೆ ಅದು ದೊಡ್ಡ ವಿದ್ಯೆಯೂ ಅಲ್ಲ. ಆದರೆ ಹರಿಹರದಲ್ಲೇ ಉಳಿದಿದ್ದರೆ ಈ ಕೆಲಸಕ್ಕೆ ನಾನು ಕೈ ಹಾಕುತ್ತಲೇ ಇರಲಿಲ್ಲ. ಪಿ.ಬಿ. ರಸ್ತೆಯ ಯಾವುದಾದರೂ ಗ್ಯಾರೇಜಿನಲ್ಲಿ ಗಾಡಿ ಬಿಟ್ಟು ಚಹಾ ಕುಡಿಯಲು ಹೋಗುತ್ತಿದ್ದೆ. ಯಾಕೆ ಹೀಗೆ ಎಂದು ಹುಡುಕಿಕೊಂಡು ಹೋದವನಿಗೆ ಈ ಪಂಪಿನ ನೂರು ವರ್ಷದ ಕಥೆ ಸಿಕ್ಕಿತು. ಅದರೊಳಗೆ ಎಂಜಿನಿಯರಿಂಗ್ ಇದೆ, ನಿಜ. ಅದಕ್ಕಿಂತ ಹೆಚ್ಚಾಗಿ ಯಾರ ರಟ್ಟೆಗೆ ಎಷ್ಟು ಬೆಲೆ ಎಂಬ ಲೆಕ್ಕ ಇದೆ.

ನನ್ನ ಸೋದರಮಾವ ಲಾರಿ ಡ್ರೈವರ್. ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ 1954ರಿಂದ ಜಮ್‌ಶೆಡ್‌ಪುರದಲ್ಲಿ ಮಾಡಿದ ಟಾಟಾ-ಬೆಂಜ್ ಲಾರಿಗಳ ಕಾಲದವರು. ಆ ಲಾರಿಯ ಸ್ಟೇರಿಂಗ್ ಚಕ್ರ ಅಷ್ಟು ಅಗಲ ಇದ್ದದ್ದು ಅಂದಕ್ಕಲ್ಲ. ಚಕ್ರ ದೊಡ್ಡದಾದಷ್ಟೂ ತೋಳಿಗೆ ಸನ್ನೆಯ ಬಲ ಹೆಚ್ಚು. ನಿಂತ ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸಬಾರದು, ಗಾಲಿ ಒಂದು ಗೇಣಾದರೂ ಉರುಳುತ್ತಿರಬೇಕು. ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಚಕ್ರದ ಮೇಲೆ ಬಿಡಬೇಕು. "ಹೆಬ್ಬೆಟ್ಟು ಹೊರಗಿಡಲೇ ತಮ್ಮಾ" ಎಂಬುದು ಮಾವ ನನಗೆ ಕಲಿಸಿದ ಮೊದಲ ಪಾಠ. ಮುಂದಿನ ಗಾಲಿ ಗುಂಡಿಗೆ ಬಿದ್ದರೆ ಆ ಪೆಟ್ಟು ನೇರ ಸ್ಟೇರಿಂಗಿಗೆ ಬರುತ್ತದೆ, ಚಕ್ರ ಗಿರ್ರನೆ ತಿರುಗುತ್ತದೆ. ಹೆಬ್ಬೆಟ್ಟು ಅಡ್ಡಗಂಬಿಯ ಒಳಗಿದ್ದರೆ ಮುರಿಯುತ್ತದೆ. ಇಲ್ಲಿಯ ಹಳೆಯ ಟ್ರಕ್ಕು, ಟ್ರ್ಯಾಕ್ಟರು ಓಡಿಸಿದ ಮುದುಕರನ್ನು ಕೇಳಿದರೆ ಅವರೂ ಅದೇ ಹೆಬ್ಬೆಟ್ಟಿನ ಮಾತು ಹೇಳುತ್ತಾರೆ.

ಈ ಕಷ್ಟ ಕಂಡು ಔಷಧ ಹುಡುಕಿದ ಫ್ರಾನ್ಸಿಸ್ ಡೇವಿಸ್ ಕೂಡ ಟ್ರಕ್ಕಿನ ಮನುಷ್ಯನೇ. ಹಾರ್ವರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿ, ಬಫಲೋ ನಗರದ ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದವನು. ಭಾರ ಹೇರಿದ ಟ್ರಕ್ಕುಗಳೊಡನೆ ಡ್ರೈವರುಗಳು ಗುದ್ದಾಡುವುದನ್ನು ದಿನವೂ ನೋಡುತ್ತಿದ್ದ. 1922ರಲ್ಲಿ ಕೆಲಸ ಬಿಟ್ಟು ಮ್ಯಾಸಚೂಸೆಟ್ಸ್‌ನ ವಾಲ್ತಮ್ ಊರಿನಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಹಿಡಿದ. ವಾಲ್ತಮ್ ಎಂದರೆ ಗಡಿಯಾರದ ಕಾರ್ಖಾನೆಗೆ ಹೆಸರಾದ ಊರು, ಸೂಕ್ಷ್ಮ ಕೆಲಸದ ಕುಶಲಕರ್ಮಿಗಳಿಗೆ ಬರವಿರಲಿಲ್ಲ. ಜಾರ್ಜ್ ಜೆಸಪ್ ಎಂಬ ಟೂಲ್‌ಮೇಕರ್ ಅವನ ಜೊತೆಗಾರನಾದ. ಡೇವಿಸ್ ಗೆರೆ ಎಳೆದ, ಜೆಸಪ್ ಲೋಹದಲ್ಲಿ ಕಡೆದ. ಚರಿತ್ರೆಯ ಪುಸ್ತಕಗಳು ಡೇವಿಸ್‌ಗೆ ಕೊಡುವಷ್ಟು ಜಾಗ ಜೆಸಪ್‌ಗೆ ಕೊಡುವುದಿಲ್ಲ. ಟರ್ನರ್ ಮಗನಾದ ನನ್ನ ಕಣ್ಣು ಮೊದಲು ಹೋಗುವುದೇ ಅವನ ಕಡೆಗೆ.

ಸ್ಟೇರಿಂಗಿಗೆ ಯಂತ್ರದ ನೆರವು ಕೊಡುವ ಆಲೋಚನೆ ಡೇವಿಸ್‌ಗಿಂತ ಹಳೆಯದು. ಪಿಟ್ಸ್‌ಬರ್ಗಿನ ರಾಬರ್ಟ್ ಟ್ವೈಫೋರ್ಡ್ 1900ರಲ್ಲೇ ಅಂಥದ್ದಕ್ಕೆ ಪೇಟೆಂಟ್ ಪಡೆದಿದ್ದ. ಎಣ್ಣೆಯ ಒತ್ತಡದಿಂದ ಗಾಲಿ ತಿರುಗಿಸಲು ಹೊರಟವರಿಗೆ ತೊಡಕಾದದ್ದು ಸೋರಿಕೆ. ಎಣ್ಣೆಯನ್ನು ಸದಾ ಒತ್ತಡದಲ್ಲೇ ಕಟ್ಟಿಟ್ಟರೆ ಅದು ಎಲ್ಲಿ ಸಂದು ಸಿಕ್ಕರೂ ಹೊರಗೆ ಬರುತ್ತದೆ. ಡೇವಿಸ್ ಅದನ್ನು ತಿರುವುಮುರುವು ಮಾಡಿದ. ಗಾಡಿ ನೇರ ಹೋಗುವಾಗ ಎಣ್ಣೆ ಒತ್ತಡವೇ ಇಲ್ಲದೆ ಪಂಪಿನಿಂದ ಹೊರಟು, ವಾಲ್ವ್ ದಾಟಿ, ಡಬ್ಬಿಗೆ ಮರಳಿ ಸುಮ್ಮನೆ ಸುತ್ತುತ್ತಿರಲಿ. ಡ್ರೈವರ್ ಚಕ್ರ ತಿರುಗಿಸಿದಾಗ ಮಾತ್ರ ವಾಲ್ವ್ ಕೂದಲೆಳೆಯಷ್ಟು ಸರಿದು ಒಂದು ದಾರಿಯನ್ನು ಕಿರಿದು ಮಾಡಲಿ. ಆಗ ಒತ್ತಡ ಏರಿ ಆ ಬದಿಯ ಪಿಸ್ಟನ್ನನ್ನು ತಳ್ಳಲಿ. ಕೈ ಬಿಟ್ಟರೆ ಮತ್ತೆ ಮೊದಲಿನ ಹಾಗೆ. ಇಂದು ನನ್ನ ಪಿಕಪ್ಪಿನಲ್ಲಿ ನಡೆಯುವುದೂ ಇದೇ. 1921ರ ಪಿಯರ್ಸ್-ಆರೋ ಕಾರಿಗೆ ಇದನ್ನು ಜೋಡಿಸಿ ಇಬ್ಬರೂ ಓಡಿಸಿದರು. 1926ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಅದೇ ವರ್ಷ ಡೇವಿಸ್ ಕಾರನ್ನು ಡೆಟ್ರಾಯಿಟ್‌ಗೆ ಒಯ್ದು ಜನರಲ್ ಮೋಟರ್ಸ್‌ನವರಿಗೆ ತೋರಿಸಿದ.

ಅವರಿಗೆ ಹಿಡಿಸಿತು, ಕರಾರೂ ಆಯಿತು. ಆದರೆ ಟ್ರಕ್ಕಿಗಾಗಿ ಹುಟ್ಟಿದ ಈ ಯಂತ್ರವನ್ನು ಕ್ಯಾಡಿಲಾಕ್ ಎಂಬ ಶ್ರೀಮಂತರ ಕಾರಿಗೆ ಒಗ್ಗಿಸುವ ಕೆಲಸಕ್ಕೆ ಡೇವಿಸ್‌ನನ್ನು ಹಚ್ಚಿದರು. ಟ್ರಕ್ ಡ್ರೈವರನ ತೋಳಿಗೆ ದಿನಗೂಲಿ ಕೊಟ್ಟಾಗಿದೆ, ಅದರ ನೋವಿಗೆ ಬೇರೆ ಹಣ ಯಾರು ಕೊಡುತ್ತಾರೆ? ಕ್ಯಾಡಿಲಾಕ್ ಕೊಳ್ಳುವವನಾದರೆ ತನ್ನ ತೋಳಿಗೆ ತಾನೇ ದುಡ್ಡು ಕೊಡುತ್ತಾನೆ. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂದು ದುಬಾರಿ ಕಾರುಗಳೇ ಮಾರಾಟವಾಗದಾದವು. ಅಚ್ಚು, ಟೂಲಿಂಗ್‌ಗೆ ಹಾಕುವ ಹಣ ಹುಟ್ಟುವುದಿಲ್ಲವೆಂದು 1934ರಲ್ಲಿ ಕಂಪನಿ ಕರಾರು ಬಿಟ್ಟಿತು. 1936ರಲ್ಲಿ ಡೇವಿಸ್ ಬೆಂಡಿಕ್ಸ್ ಕಂಪನಿಯ ಜೊತೆ ಸೇರಿ ಮತ್ತೆ ಶುರು ಮಾಡಿದ.

ಕೊನೆಗೆ ಇದನ್ನು ಕೊಂಡದ್ದು ಯುದ್ಧ. ಬ್ರಿಟಿಷ್ ಸೇನೆಗೆಂದು ಅಮೆರಿಕದಲ್ಲಿ ಷೆವ್ರೊಲೆ ಮಾಡಿಕೊಟ್ಟ ಕವಚದ ಗಾಡಿಗಳಿಗೆ ಪವರ್ ಸ್ಟೇರಿಂಗ್ ಬಂತು. ಅವುಗಳಲ್ಲಿ ಸ್ಟ್ಯಾಗ್‌ಹೌಂಡ್ ಎಂಬುದರ ತೂಕ ಸುಮಾರು 14 ಟನ್. ಯಾವ ಪೈಲ್ವಾನನ ರಟ್ಟೆಗೂ ಅದು ಬಗ್ಗುವಂಥದ್ದಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಗಾಡಿಗಳು ಈ ಸಹಾಯದಿಂದ ತಿರುಗುತ್ತಿದ್ದವು. ಮರಳು, ಕೆಸರು, ಬಾಂಬಿನ ಗುಂಡಿ ಎಲ್ಲದರಲ್ಲೂ ಪರೀಕ್ಷೆಯಾಗಿ ಬಂದ ವಸ್ತುವನ್ನು ಇನ್ನು ಯಾರೂ ಆಟಿಕೆ ಎನ್ನುವಂತಿರಲಿಲ್ಲ.

1951ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್ ಕಾರಿನಲ್ಲಿ 'ಹೈಡ್ರಾಗೈಡ್' ಎಂಬ ಹೆಸರಿನಲ್ಲಿ ಪವರ್ ಸ್ಟೇರಿಂಗ್ ಮಾರಾಟಕ್ಕೆ ತಂದಿತು. ಅದಕ್ಕೆ ಆಧಾರ ಅವಧಿ ಮುಗಿದಿದ್ದ ಡೇವಿಸ್‌ನ ಪೇಟೆಂಟುಗಳು, ಹಾಗಾಗಿ ಅವನಿಗೆ ಅದರಿಂದ ಏನೂ ದಕ್ಕಲಿಲ್ಲ. ಎದುರಾಳಿ ಮುಂದೆ ಹೋದದ್ದು ಕಂಡ ಜನರಲ್ ಮೋಟರ್ಸ್ ಡೇವಿಸ್ ಹಿಂದೆ ತನಗಾಗಿ ಮಾಡಿದ್ದ ಕೆಲಸಕ್ಕೆ ಮರಳಿತು, 1952ರ ಕ್ಯಾಡಿಲಾಕ್ ಪವರ್ ಸ್ಟೇರಿಂಗಿನೊಡನೆ ಬಂತು. 1926ರಲ್ಲಿ ತೋರಿಸಿದ್ದು 1952ರಲ್ಲಿ ಅಂಗಡಿಗೆ ಬಂದಂತಾಯಿತು.

ಮುಂದಿನ ಕಥೆ ಮಿಷಿಗನ್‌ನ ಸಾಗಿನಾ ನಗರದ್ದು. 1906ರಿಂದ ಸ್ಟೇರಿಂಗ್ ಗೇರ್ ಮಾಡುತ್ತಿದ್ದ ಊರು ಅದು. ಜನರಲ್ ಮೋಟರ್ಸ್‌ನ ಸ್ಟೇರಿಂಗ್ ವಿಭಾಗ ಅಲ್ಲಿತ್ತು, ಯುದ್ಧಕಾಲದಲ್ಲಿ ಅದೇ ವಿಭಾಗ ಮೆಷಿನ್ ಗನ್ ಮತ್ತು ಕಾರ್ಬೈನ್ ಬಂದೂಕು ಮಾಡಿ ಕೊಟ್ಟಿತ್ತು. ಅಮೆರಿಕದ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ 'ಸಾಗಿನಾ ಪಂಪ್' ಎಂದರೆ ಇವತ್ತಿಗೂ ತಿಳಿಯುತ್ತದೆ. ಪಂಪಿನ ಒಳಗಡೆ ಇರುವುದು ಬಹಳ ಕಡಿಮೆ. ನಡುವೆ ತಿರುಗುವ ರೋಟರ್, ಅದರ ಸೀಳುಗಳಲ್ಲಿ ಜಾರುವ ಸಣ್ಣ ಉಕ್ಕಿನ ಬ್ಲೇಡುಗಳು, ಹೊರಗೆ ಮೊಟ್ಟೆಯಾಕಾರದ ಉಂಗುರ. ರೋಟರ್ ತಿರುಗಿದಾಗ ಬ್ಲೇಡುಗಳು ಉಂಗುರಕ್ಕೆ ಒತ್ತಿಕೊಂಡು ಎಣ್ಣೆಯನ್ನು ಒಂದು ಕಡೆ ಹೀರಿ ಇನ್ನೊಂದು ಕಡೆ ತಳ್ಳುತ್ತವೆ. ಉಂಗುರ ಮೊಟ್ಟೆಯಾಕಾರದಲ್ಲಿರುವುದರಿಂದ ಎರಡೂ ಬದಿಯ ಒತ್ತಡ ಸಮವಾಗಿ ಬೇರಿಂಗ್ ಬೇಗ ಸವೆಯುವುದಿಲ್ಲ. ಇಂಥ ಸಮತೋಲದ ಪಂಪು ಹ್ಯಾರಿ ವಿಕರ್ಸ್ ಎಂಬಾತ 1920ರ ದಶಕದಲ್ಲಿ ಕಂಡುಕೊಂಡದ್ದು. ಜೊತೆಗೆ ಸ್ಪ್ರಿಂಗಿನ ಮೇಲೆ ಕೂತ ಒಂದು ವಾಲ್ವ್, ಎಂಜಿನ್ ಜೋರಾದಾಗ ಹೆಚ್ಚುವರಿ ಎಣ್ಣೆಯನ್ನು ಹಿಂದಕ್ಕೆ ತಿರುಗಿಸಲು. ಇಷ್ಟೇ. ಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಬಿಚ್ಚಿಡಬಹುದಾದಷ್ಟು.

ಪಿಕಪ್ಪಿಗೆ ಡೀಸೆಲ್ ಬಂದಾಗ ಈ ಪಂಪಿನ ಕೆಲಸ ಬದಲಾಯಿತು. ಜನರಲ್ ಮೋಟರ್ಸ್ 1978ರಲ್ಲಿ, ಫೋರ್ಡ್ 1983ರಲ್ಲಿ ಪಿಕಪ್ಪುಗಳಿಗೆ ಡೀಸೆಲ್ ಹಾಕಿದವು. 1989ರಲ್ಲಿ ಡಾಡ್ಜ್ ಕಮಿನ್ಸ್ 6ಬಿಟಿ ಎಂಜಿನ್ನನ್ನು ತಂದು ಕೂರಿಸಿತು. ಆರು ಸಿಲಿಂಡರು, 160 ಅಶ್ವಶಕ್ತಿ. ಮೂಲದಲ್ಲಿ ಕೃಷಿ ಯಂತ್ರಗಳನ್ನೂ ಮಧ್ಯಮ ಟ್ರಕ್ಕುಗಳನ್ನೂ ಮನಸ್ಸಿನಲ್ಲಿಟ್ಟು ಮಾಡಿದ ಈ ಎಂಜಿನ್ ಸುಮಾರು ಅರ್ಧ ಟನ್ ತೂಗುತ್ತದೆ. ಅಷ್ಟೂ ಭಾರ ಮುಂದಿನ ಗಾಲಿಗಳ ಮೇಲೆ. ಕಾರಿನಲ್ಲಿ ಪವರ್ ಸ್ಟೇರಿಂಗ್ ಸುಖ, ಇಲ್ಲಿ ಅದಿಲ್ಲದೆ ನಡೆಯದು.

ಇನ್ನೊಂದು ಸಂಗತಿ ಬ್ರೇಕಿನದು. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಥ್ರಾಟಲಿನ ಹಿಂದೆ ನಿರ್ವಾತ ಉಂಟಾಗುತ್ತದೆ, ಬ್ರೇಕ್ ಬೂಸ್ಟರ್ ಅದನ್ನೇ ಬಳಸಿಕೊಂಡು ಪೆಡಲಿಗೆ ಬಲ ಕೊಡುತ್ತದೆ. ಇಂಥ ಡೀಸೆಲ್ಲಿಗೆ ಥ್ರಾಟಲ್ ಇಲ್ಲ, ಹಾಗಾಗಿ ನಿರ್ವಾತವೂ ಇಲ್ಲ. ಡಾಡ್ಜ್‌ನವರು ಎಂಜಿನ್ನಿನ ಗೇರಿನಿಂದಲೇ ತಿರುಗುವ ಒಂದು ವ್ಯಾಕ್ಯೂಮ್ ಪಂಪ್ ಹಾಕಿ, ಅದರ ಬೆನ್ನಿಗೆ ಸ್ಟೇರಿಂಗ್ ಪಂಪನ್ನು ಜೋಡಿಸಿದರು. ಬೆಲ್ಟಿಲ್ಲ, ಎರಡಕ್ಕೂ ಒಂದೇ ತಿರುಗು. ಇನ್ನೊಂದು ದಾರಿ ಬೆಂಡಿಕ್ಸ್ ಕಂಪನಿ 1970ರ ದಶಕದಲ್ಲಿ ತಂದ ಹೈಡ್ರೋ-ಬೂಸ್ಟ್: ಸ್ಟೇರಿಂಗ್ ಪಂಪಿನ ಎಣ್ಣೆಯ ಒತ್ತಡವೇ ಬ್ರೇಕಿಗೂ ಬಲ ಕೊಡುತ್ತದೆ. ಮುಂದೆ ಭಾರಿ ಡೀಸೆಲ್ ಪಿಕಪ್ಪುಗಳಲ್ಲಿ ಇದೇ ನಿಂತಿತು. ಅಂಥ ಗಾಡಿಯಲ್ಲಿ ಪಂಪ್ ಕೆಟ್ಟರೆ ತಿರುಗುವುದೂ ಕಷ್ಟ, ನಿಲ್ಲುವುದೂ ಕಷ್ಟ. ಪಂಪಿನ ದನಿಗೆ ಇಲ್ಲಿಯ ಜನ ಕಿವಿ ಕೊಡುವುದು ಅದಕ್ಕೇ.

ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ರೂಢಿ ಪಂಪಿಗಿಂತ ಹಳೆಯದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಹಳ್ಳಿಯ ರೈತರ ಕೈಗೆ ಸಿಕ್ಕಾಗ ಹತ್ತಿರದಲ್ಲಿ ಗ್ಯಾರೇಜುಗಳೇ ಇರಲಿಲ್ಲ, ನೇಗಿಲು ರಿಪೇರಿ ಮಾಡುವವನೇ ಕಾರನ್ನೂ ಮಾಡಿಕೊಂಡ. ಬಿಡಿಭಾಗಗಳು ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಿಕೊಳ್ಳುವಂತಾದವು. 1942ರ ಫೆಬ್ರುವರಿಯಲ್ಲಿ ಯುದ್ಧಕ್ಕಾಗಿ ಜನರ ಕಾರುಗಳ ಉತ್ಪಾದನೆಯನ್ನೇ ನಿಲ್ಲಿಸಿದಾಗ ಇದ್ದುದನ್ನೇ ಓಡಿಸುವ ವಿದ್ಯೆ ಮನೆಮನೆಗೆ ಬೇಕಾಯಿತು. ಸೇನೆಯ ಗಾಡಿ ರಿಪೇರಿ ಕಲಿತ ಹುಡುಗರು ಯುದ್ಧ ಮುಗಿಸಿ ಊರಿಗೆ ಮರಳಿದರು. ಆಮೇಲೆ ಚಿಲ್ಟನ್, ಹೇನ್ಸ್ ಕೈಪಿಡಿಗಳು ಬಂದವು. ಒಂದೊಂದು ಮಾದರಿಯ ಗಾಡಿಗೆ ಒಂದೊಂದು ಪುಸ್ತಕ, ಎಣ್ಣೆ ಬೆರಳಿನ ಗುರುತಿರುವ ಪುಟಗಳು. ಹಣ ಕೊಟ್ಟು ಮಾಡಿಸುವ ಸರ್ವಿಸನ್ನು ತನ್ನಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ವಾರಂಟಿ ಇಲ್ಲ ಎಂದು ಕಂಪನಿ ಕಟ್ಟುಹಾಕುವುದಕ್ಕೆ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ತಡೆ ಹಾಕಿತು.

ಎಲ್ಲಕ್ಕಿಂತ ಮಿಗಿಲಾದ ಕಾರಣ ಕೂಲಿ. ಇಲ್ಲಿ ಮೆಕ್ಯಾನಿಕ್ಕಿನ ಒಂದು ಗಂಟೆಗೆ ನೂರು ಡಾಲರಿಗೂ ಹೆಚ್ಚು ಬಿಲ್ ಆಗುತ್ತದೆ, ಕೆಲಸಗಾರನ ತೋಳಿಗೆ ಬೆಲೆ ಇದೆ. ಹಾಗಾಗಿಯೇ ಮಾಲೀಕ ತನ್ನ ತೋಳನ್ನು ಬಳಸುತ್ತಾನೆ. ಅಂಗಡಿಗಳೂ ಇದಕ್ಕೆ ಒಗ್ಗಿವೆ. ಪಂಪಿನ ಪುಲ್ಲಿ ಎಳೆಯುವ ಪುಲ್ಲರನ್ನು ಠೇವಣಿ ಇಟ್ಟು ಒಯ್ಯಬಹುದು, ಕೆಲಸ ಮುಗಿಸಿ ವಾಪಸ್ ಕೊಟ್ಟರೆ ಪೂರ್ತಿ ಹಣ ವಾಪಸ್. ಹೊಸದರ ಬದಲು ಸರಿಮಾಡಿದ ಪಂಪ್ ಕೊಂಡರೆ ಹಳೆಯದಕ್ಕೆಂದು ಒಂದಿಷ್ಟು ಹಣ ಹಿಡಿದಿಡುತ್ತಾರೆ. ಹಳೆಯ ಪಂಪ್ ತಂದುಕೊಟ್ಟರೆ ಅದೂ ವಾಪಸ್. ಆ ಹಳೆಯದು ಕಾರ್ಖಾನೆಗೆ ಹೋಗಿ, ಸೀಲು ಬೇರಿಂಗ್ ಬದಲಾಗಿ, ಇನ್ನೊಬ್ಬರ ಗಾಡಿ ಸೇರುತ್ತದೆ.

ಕೆಲಸ ಹೇಗೆ ಎಂದರೆ, ಮೊದಲು ನೋಡಬೇಕಾದದ್ದು ಸೋರುವ ಎಣ್ಣೆಯ ಬಣ್ಣ. ನನ್ನ ಗಾಡಿಯಂಥದ್ದರಲ್ಲಿ ವ್ಯಾಕ್ಯೂಮ್ ಪಂಪಿಗೆ ಎಂಜಿನ್ ಆಯಿಲ್ ಹೋಗುತ್ತದೆ. ಕಪ್ಪಾಗಿ ತೊಟ್ಟಿಕ್ಕಿದರೆ ತಪ್ಪು ಸ್ಟೇರಿಂಗ್ ಪಂಪಿನದಲ್ಲ, ಎರಡರ ನಡುವಿನ ಸೀಲಿನದು. ಇದನ್ನು ಗೊತ್ತುಮಾಡಿಕೊಳ್ಳದೆ ಒಳ್ಳೆಯ ಪಂಪನ್ನು ಎಸೆದವರುಂಟು. ಬಿಚ್ಚುವಾಗ ಒಂದು ನಟ್ ಕಣ್ಣಿಗೆ ಕಾಣುತ್ತದೆ, ಇನ್ನೊಂದಕ್ಕೆ ಗಿಡ್ಡ ಪಾನಾ ಹಿಡಿದು ಬೆರಳ ತುದಿಯಲ್ಲೇ ತಡಕಬೇಕು. ಡಬ್ಬಿಯ ಹಳೆಯ ಎಣ್ಣೆ ಹೀರಲು ಇಲ್ಲಿಯವರು ಅಡುಗೆಮನೆಯ ರಬ್ಬರ್ ಪಿಚಕಾರಿ ಕದಿಯುತ್ತಾರೆ. ಟರ್ಕಿ ಕೋಳಿ ಬೇಯುವಾಗ ರಸ ಎರಚಲು ಇಟ್ಟುಕೊಂಡದ್ದು ಅದು. ನಮ್ಮ ಮನೆಯಲ್ಲಿ ಟರ್ಕಿ ಬೇಯುವುದಿಲ್ಲ, ಗ್ಯಾರೇಜಿಗೆಂದೇ ಕೊಂಡದ್ದಿದೆ. ಯಾವ ಎಣ್ಣೆ ಎಂಬುದನ್ನು ಡಬ್ಬಿಯ ಮುಚ್ಚಳವೋ ಕೈಪಿಡಿಯೋ ಹೇಳಿದಂತೆ ಹಾಕಬೇಕು, ಅಂಗಡಿಯವನ ಬಾಯಿಮಾತು ಸಾಲದು. ಹೋಸ್ ಸೋರುತ್ತಿದೆಯೇ ಎಂದು ಎಂಜಿನ್ ಓಡುತ್ತಿರುವಾಗ ಕೈಯಿಂದ ತಡವಬಾರದು. ಸೂಜಿಮೊನೆಯ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗಬಲ್ಲದು. ರಟ್ಟಿನ ತುಂಡು ಹಿಡಿದು ನೋಡಬೇಕು.

ಕೊನೆಗೆ ಏರ್ ತೆಗೆಯುವ ಕೆಲಸ, ಅವಸರದವರು ಕೆಡುವುದು ಇಲ್ಲೇ. ಮುಂದಿನ ಗಾಲಿಗಳನ್ನು ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟು, ಎಂಜಿನ್ ಚಾಲೂ ಮಾಡದೆಯೇ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಿರಬೇಕು. ನಡುನಡುವೆ ಎಣ್ಣೆ ನೋಡಿ ತುಂಬಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್. ಎಣ್ಣೆ ನೊರೆಯಾಗಿ ಮಜ್ಜಿಗೆಯ ಹಾಗೆ ಬೆಳ್ಳಗೆ ಕಂಡರೆ ಗಾಳಿ ಇನ್ನೂ ಇದೆ. ಹಾಗೇ ಬಿಟ್ಟುಬಿಡಿ, ಗಾಡಿ ತಣಿಯಲಿ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಹಾಗೇ ಹಿಡಿದು ನಿಲ್ಲಬಾರದು, ಆಗ ಒತ್ತಡ ತುದಿಗೇರಿ ಎಣ್ಣೆ ಕಾದು ಪಂಪ್ ಬೇಗ ಸಾಯುತ್ತದೆ.

ಈಗ ಪಿ.ಬಿ. ರಸ್ತೆಗೆ ಬರುತ್ತೇನೆ. ಕಮಿನ್ಸ್ 1962ರಲ್ಲೇ ಪುಣೆಯಲ್ಲಿ ಕಿರ್ಲೋಸ್ಕರರ ಜೊತೆ ಕೂಡಿಕೊಂಡಿತ್ತು. 1993ರಲ್ಲಿ ಟಾಟಾ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಕಾರ್ಖಾನೆ ಕಟ್ಟಿತು. ಅಲ್ಲಿ ತಯಾರಾದದ್ದು ಇದೇ 5.9 ಲೀಟರಿನ ಬಿ-ಸರಣಿಯ ಎಂಜಿನ್. ನನ್ನ ಅಂಗಳದ ಪಿಕಪ್ಪಿನ ಎಂಜಿನ್ನಿನ ಒಡಹುಟ್ಟು ಹರಿಹರದ ತುಂಗಭದ್ರಾ ಸೇತುವೆ ಮೇಲೆ ಟಾಟಾ ಲಾರಿ ಎಳೆಯುತ್ತಿತ್ತು. ಪವರ್ ಸ್ಟೇರಿಂಗ್ ಮಾಡುವ ಕಾರ್ಖಾನೆಗಳೂ ಭಾರತದಲ್ಲಿ 1980ರ ದಶಕದಲ್ಲೇ ಇದ್ದವು: ಪುಣೆಯ ಬಳಿ ಜರ್ಮನಿಯ ಝಡ್‌ಎಫ್ ಸಹಯೋಗದ್ದು, ಚೆನ್ನೈನ ರಾಣೆ ಗುಂಪಿನದು. ಎಂಜಿನ್ ಸಿಗುತ್ತಿತ್ತು, ಪಂಪ್ ಸಿಗುತ್ತಿತ್ತು. ಆದರೂ ನನ್ನ ಮಾವ ನಿವೃತ್ತರಾಗುವ ತನಕ ಹೆಬ್ಬೆಟ್ಟು ಹೊರಗಿಟ್ಟೇ ಓಡಿಸಿದರು. 1998ರಲ್ಲಿ ವೋಲ್ವೊ ಹೊಸಕೋಟೆಯಲ್ಲಿ ಟ್ರಕ್ ಮಾಡಲು ಶುರು ಮಾಡಿದಾಗ ಅದರ ಕ್ಯಾಬಿನ್ನಿನೊಳಗೆ ಹತ್ತಿ ಬಂದ ಡ್ರೈವರುಗಳು ಬೆರಳಲ್ಲಿ ತಿರುಗುವ ಸ್ಟೇರಿಂಗನ್ನೂ ಎ.ಸಿ.ಯನ್ನೂ ವರ್ಣಿಸುತ್ತಿದ್ದರು. ನಮ್ಮ ಮಾಲೀಕರ ಲೆಕ್ಕ ಬೇರೆ ಇತ್ತು. ಪಂಪಿಗೆ ಹಾಕುವ ದುಡ್ಡಿಗಿಂತ ತೋಳು ಅಗ್ಗ, ಒಂದು ಸೋತರೆ ಇನ್ನೊಂದು ಸಿಗುತ್ತದೆ.

ಕೊಲಂಬಸ್‌ನಲ್ಲಿ ಪಂಪ್ ಗೊರಗುಟ್ಟಿದ್ದನ್ನು ಕೇಳುವವನು, ಗಾಡಿಯ ಮಾಲೀಕ, ಬಿಚ್ಚಿ ಸರಿಮಾಡುವವನು ಮೂವರೂ ಒಬ್ಬನೇ. ಅದರಿಂದ ಆ ಸದ್ದಿಗೆ ಕೂಡಲೇ ಉತ್ತರ ಸಿಗುತ್ತದೆ. ನಮ್ಮ ಲಾರಿ ಕಸುಬಿನಲ್ಲಿ ಈ ಮೂವರು ಬೇರೆ ಬೇರೆ. ಸದ್ದು ಡ್ರೈವರಿಗೆ ಕೇಳುತ್ತದೆ, ಗ್ಯಾರೇಜಿನ ಹುಡುಗನಿಗೆ ಗೊತ್ತಾಗುತ್ತದೆ, ಚೆಕ್ ಬರೆಯುವವರು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿರುತ್ತಾರೆ. ಡ್ರೈವರುಗಳ ಬಗ್ಗೆ ಅಯ್ಯೋ ಎನ್ನುವವರಿಗೇನೂ ನಮ್ಮಲ್ಲಿ ಕೊರತೆ ಇರಲಿಲ್ಲ.

ಇಲ್ಲಿಯೂ ಆ ಮೂವರನ್ನು ಬೇರೆ ಮಾಡುವ ಕಾಲ ಬರುತ್ತಿದೆ. ಫೋರ್ಡ್ ಎಫ್-150 ಪಿಕಪ್ಪಿಗೆ 2011ರಲ್ಲಿ, ಸಣ್ಣ ರ‍್ಯಾಮ್‌ಗೆ 2013ರಲ್ಲಿ ಎಲೆಕ್ಟ್ರಿಕ್ ಸ್ಟೇರಿಂಗ್ ಬಂತು. ಎಣ್ಣೆಯಿಲ್ಲ, ಪಂಪಿಲ್ಲ, ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡಬೇಕು. ಭಾರಿ ಡೀಸೆಲ್ ಪಿಕಪ್ಪುಗಳು ಮಾತ್ರ ತಮ್ಮ ತೂಕದ ದೆಸೆಯಿಂದ ಎಣ್ಣೆಯ ಪಂಪಿಗೇ ಹೆಚ್ಚು ಕಾಲ ಅಂಟಿಕೊಂಡವು. ಸಾಗಿನಾದ ಆ ಹಳೆಯ ಕಾರ್ಖಾನೆ ಈಗ ನೆಕ್ಸ್‌ಟಿಯರ್ ಎಂಬ ಹೆಸರಿನಲ್ಲಿದೆ, 2010ರಲ್ಲಿ ಚೀನಾದವರ ಕೈ ಸೇರಿತು. ಬೆಂಗಳೂರಿನಲ್ಲೂ ಅದರ ಕಾರ್ಖಾನೆ ಇದೆ. ಗಾಡಿಯ ಕಂಪ್ಯೂಟರಿನ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಜಗಳದಲ್ಲಿ ಮಾಲೀಕರ ಪರವಾಗಿ ಮೊದಲು ಕಾನೂನು ಮಾಡಿದ ರಾಜ್ಯ, 2012ರಲ್ಲಿ, ಮ್ಯಾಸಚೂಸೆಟ್ಸ್. ಡೇವಿಸ್ ಮತ್ತು ಜೆಸಪ್ ವರ್ಕ್‌ಶಾಪ್ ಇಟ್ಟಿದ್ದ ರಾಜ್ಯವೇ.

ಭಾರತದಲ್ಲಿ 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಟ್ರಕ್ಕುಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಸುದ್ದಿ ಓದಿ, ಮಾಲೀಕರಿಗೆ ತಾವಾಗಿ ತೋಚಲಿ ಎಂದು ಕಾದಿದ್ದರೆ ಇನ್ನೆಷ್ಟು ವರ್ಷ ಬೇಕಿತ್ತೋ ಎಂದುಕೊಂಡೆ. ಪವರ್ ಸ್ಟೇರಿಂಗಿಗೂ 1960ರಲ್ಲೇ ಇಂಥದೊಂದು ಸಾಲು ಯಾರಾದರೂ ಬರೆದಿದ್ದರೆ ಒಂದು ಇಡೀ ತಲೆಮಾರಿನ ಡ್ರೈವರುಗಳ ಭುಜ ಉಳಿಯುತ್ತಿತ್ತು. ಪಂಪಂತೂ ಆಗಲೇ ಇತ್ತು.